ಎಪ್ಪತ್ತೊಂಬತ್ತು, ಎಂಬತ್ತು

ಬಾ, ಚಪ್ಪಲಿ ಹೊರಗೆ ಬಿಟ್ಟು ಬಾ.
ಏಳನೇ ಕ್ಲಾಸು ಮುಗಿಯಿತಲ್ಲ, ರಿಸಲ್ಟೂ ಬಂತಲ್ಲ,
ಇಲ್ಲಿ ಯಾರೂ ಮಾರ್ಕ್ಸ್ ಕೇಳುವುದಿಲ್ಲ.
ಶ್ರೀರಾಂಪುರದ ಈ ನ್ಯಾಯಬೆಲೆ ಅಂಗಡಿಯ ತಲೆ ಮೇಲೆ
ಹದಿನಾಲ್ಕು ಮೆಟ್ಟಿಲು ಹತ್ತಿ ಬಂದವರಿಗೆ
ಮೊದಲು ಒಂದು ಲೋಟ ನೀರು.
ಕುಡಿ, ಇವತ್ತು ನಲ್ಲಿ ಬಂದಿದೆ.

ನಾನು ಪುಟ್ಟಗೌರಿ.
ಕಸ ಗುಡಿಸುವವಳೂ ನಾನೇ, ಸೀಲು ಒತ್ತುವವಳೂ ನಾನೇ.
ಶಾಲೆ ಕಲಿತದ್ದು ನಿನ್ನಷ್ಟೇ, ಏಳನೇ ಕ್ಲಾಸು.
ಮಿಕ್ಕಿದ್ದೆಲ್ಲ ಕಪಾಟಿನ ಧೂಳು ಒರೆಸುತ್ತ
ಬಟ್ಟೆ ಕೈಯಲ್ಲೇ ಮರೆತು, ನಿಂತೇ ಓದಿದ್ದು.

ಗೊತ್ತು, ನಿನ್ನನ್ನು ಅಮ್ಮ ಬೈದು ಕಳಿಸಿದ್ದು.
ಮೊಬೈಲು ಕಿತ್ತುಕೊಂಡು ಕಳಿಸಿದ್ದು.
ಕೆಳಗೆ ಗಲ್ಲಿಯಲ್ಲಿ ಟೆನಿಸ್ ಬಾಲ್ ಗೋಡೆಗೆ ಬಡಿಯುತ್ತಿದೆ,
ನಿನ್ನ ಕಿವಿ ಅಲ್ಲೇ ಇದೆ.
ಇರಲಿ, ಕಿವಿ ಅಲ್ಲೇ ಇರಲಿ, ಕಣ್ಣು ಕೊಂಚ ಇಲ್ಲಿ ಕೊಡು.
ಆಟ ಬಿಡು ಅಂದರೆ ನನ್ನ ನಾಲಿಗೆ ಬಿದ್ದುಹೋಗಲಿ.
ಬ್ಯಾಟಿಂಗ್ ಬರುವ ತನಕ
ಮೋರಿಕಟ್ಟೆ ಮೇಲೆ ಕಾಲಾಡಿಸುತ್ತ ಕೂತಿರುತ್ತೀಯಲ್ಲ,
ಅಷ್ಟು ಹೊತ್ತು ಸಾಕು.
ಎರಡು ಪುಟ.

ಇದನ್ನು ನೋಡು. ರಟ್ಟು ಹೋಗಿ ಎಷ್ಟು ಕಾಲವಾಯಿತೋ,
ಹಳೇ ಕ್ಯಾಲೆಂಡರಿನ ಅಂಗಿ ತೊಡಿಸಿದ್ದೇನೆ.
ಪುಸ್ತಕದ ಹೆಸರಿಲ್ಲ, ಬರೆದವರ ಹೆಸರಿಲ್ಲ.
ಒಬ್ಬ ಹುಡುಗಿ, ಒಂದು ಕುಂಟು ಕುದುರೆ,
ಬಾಗಿಲೇ ಇಲ್ಲದ ಒಂದು ಕೋಟೆ.
ಎಪ್ಪತ್ತೆಂಟನೇ ಪುಟದ ಕೊನೆಗೆ
ಗೋಡೆಗೆ ಕಿವಿಯಿಟ್ಟು ಕೇಳುತ್ತಾಳೆ: ಯಾರಿದ್ದೀರಿ ಒಳಗೆ?
ಎಂಬತ್ತೊಂದರಲ್ಲಿ ನೋಡಿದರೆ
ಕೋಟೆಯೊಳಗೆ ಕುದುರೆಗೆ ನೀರು ಕುಡಿಸುತ್ತಿದ್ದಾಳೆ!
ನಡುವಿನ ಹಾಳೆ ಇಲ್ಲ.
ಯಾರೋ ಹರಿದು ಕಡಲೆಕಾಯಿ ಕಟ್ಟಿಕೊಂಡು ಹೋದರು.

ಮೊದಲು ಜಗಳಕ್ಕೆ ಬಂದವಳು ನಫೀಸಾ,
ಊದುಬತ್ತಿ ಹೊಸೆಯುವವರ ಮನೆಯವಳು,
ಅವಳು ಬಂದರೆ ಕಪಾಟೆಲ್ಲ ಘಮ್ಮೆನ್ನುತ್ತಿತ್ತು.
‘ಆಂಟಿ, ಒಳಗೆ ಹೆಂಗೆ ಹೋದ್ಲು?’
ನನಗೇನು ಗೊತ್ತಮ್ಮ, ನೀನೇ ಹೇಳು ಅಂದೆ.
ಮಾರನೇ ದಿನ ನೋಟ್‌ಬುಕ್ಕಿನ ಹಾಳೆ ತಂದಳು, ಎರಡೂ ಬದಿ ತುಂಬ:
ಗೋಡೆಗೆ ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಸಾಕಾಗಿತ್ತಂತೆ,
ಹೊರಳಿತಂತೆ.
ಮೈದಾ ಗೋಂದು ಕಾಯಿಸಿ ಅಂಟಿಸಿದೆ.

ಮುಂದಿನ ಬೇಸಿಗೆ ಸೆಲ್ವಮಣಿ ಒಪ್ಪಲಿಲ್ಲ.
ಮನೆಯಲ್ಲಿ ತಮಿಳು, ಬರೆದದ್ದು ಕನ್ನಡ, ಅಲ್ಪಪ್ರಾಣ ಮಹಾಪ್ರಾಣ ಕಲಸುಮೇಲೋಗರ,
ಆದರೆ ಏನು ತಲೆ!
ಕುದುರೆಗೆ ದಾರಿ ಗೊತ್ತಿತ್ತು ಆಂಟಿ,
ಅದು ಕುಂಟಾದದ್ದೇ
ಆ ಕೋಟೆಯಿಂದ ಹಾರಿ ತಪ್ಪಿಸಿಕೊಂಡ ದಿನ.

ಆಮೇಲೆ ಹೊನ್ನೇಶ.
ಅವನಿಗೆ ಅಕ್ಷರ ನಿಲ್ಲುತ್ತಿರಲಿಲ್ಲ, ಇರುವೆಯ ಹಾಗೆ ಹರಿಯುತ್ತಿದ್ದವು.
ನಾನು ಓದಿದೆ, ದಿನಕ್ಕೆ ಮೂರು ಪುಟ, ಅವನು ಕೇಳಿದ.
ಕೇಳುವುದೂ ಓದೇ ಕಣೋ ಅಂದರೆ ನಂಬಲಿಲ್ಲ.
ಕೊನೆಗೆ ಒಂದು ಚಿತ್ರ ಕೊಟ್ಟ: ಸುತ್ತ ಗೋಡೆ,
ಒಳಗೆ ಹುಡುಗಿ, ಒಳಗೇ ಕುದುರೆ.
‘ಅವಳು ಹೊರಗೆ ಎಲ್ಲಿದ್ದಳು ಆಂಟಿ?
ಒಳಗಿನಿಂದಲೇ ಕಿವಿಯಿಟ್ಟಿದ್ದು.
ಹೊರಗಿದ್ದೋರು ನಾವು.’
ಅವತ್ತು ಸಂಜೆ ಬೀಗ ಹಾಕುವುದು ಮರೆತೆ.

ಮೇಲಿನ ಆಫೀಸಿನವರೊಬ್ಬರು ಬಂದು
ಇದು ಹಾಳಾದ ಪುಸ್ತಕ, ರದ್ದಿಗೆ ಹಾಕಿ ಅಂದರು.
ಆಗಲಿ ಸಾರ್ ಅಂದೆ,
ನೆಲ ಒರೆಸುವ ಬಕೆಟ್ಟಿನಲ್ಲಿ ಬಚ್ಚಿಟ್ಟೆ.
ಈಗ ಎಪ್ಪತ್ತೆಂಟಕ್ಕೂ ಎಂಬತ್ತೊಂದಕ್ಕೂ ನಡುವೆ ಹನ್ನೊಂದು ಹಾಳೆ,
ಮದುವೆಯೂಟ ಮುಗಿಸಿದವರ ಹಾಗೆ ಹೊಟ್ಟೆ ಉಬ್ಬಿದೆ.
ಒಂದು ನನ್ನದು.
ಯಾವುದು ಅಂತ ಹೇಳುವುದಿಲ್ಲ.

ತಗೋ, ಮೇ ಇಪ್ಪತ್ತೆಂಟಕ್ಕೆ ಸೀಲು ಒತ್ತಿದ್ದೇನೆ.
ತಡವಾದರೆ ದಂಡ ಇಲ್ಲ, ನನಗೆ ಲೆಕ್ಕ ಬರುವುದಿಲ್ಲ.
ನಾಲ್ಕೂವರೆಗೆ ಮಳೆ ಬಂದೀತು, ಅಂಗಿಯೊಳಗೆ ಇಟ್ಟುಕೋ.
ಮೆಟ್ಟಿಲ ಮೇಲೆ ಹೊಂಗೆ ಹೂ ಪುರಿ ಚೆಲ್ಲಿದ ಹಾಗೆ ಬಿದ್ದಿದೆ,
ಜಾರೀಯೆ.
ಹೋಗು ಹೋಗು, ಕೂಗುತ್ತಿದ್ದಾರೆ, ನಿನ್ನ ಬ್ಯಾಟಿಂಗು.
ಪುಸ್ತಕವನ್ನು ಮಾತ್ರ
ವಿಕೆಟ್ ಮಾಡಬೇಡ.