ಯಾವ ದಿನದ ದರ

ಮೊದಲು ಎನ್ಕಾರ್ನಾಸಿಯೋನಿನ ದೋಣಿಕಟ್ಟೆಯಲ್ಲಿ,
ಸೇತುವೆಯಾದ ಮೇಲೆ ಸೇತುವೆಯ ಈ ತುದಿಯಲ್ಲಿ
ನಮ್ಮತ್ತೆ ಫಿದೆಲಿನಾ
ಮೂವತ್ತೊಂಬತ್ತು ವರ್ಷ ಸ್ಟೂಲು ಹಾಕಿ ಕೂತಳು.
ತೊಡೆಯ ಮೇಲೆ ಚರ್ಮದ ಚೀಲ,
ಕಾಲ ಬಳಿ ತೆರೆರೆಯ ಫ್ಲಾಸ್ಕು,
ಹೆಬ್ಬೆರಳಿಗೆ ರಬ್ಬರಿನ ಟೋಪಿ.
ಈಚೆಯ ಗ್ವಾರಾನಿ ಕೊಟ್ಟು ಆಚೆಯ ಪೆಸೊ,
ಆಚೆಯ ಪೆಸೊ ಇಸಿದು ಈಚೆಯ ಗ್ವಾರಾನಿ.
ನಡುವೆ ಉಳಿದದ್ದು ಊಟ.

ಅವಳ ನೋಟ್‌ಬುಕ್ಕು ಈಗ ನನ್ನ ಹತ್ತಿರ ಇದೆ.
ಎಡಕ್ಕೆ ತಾರೀಖು, ಬಲಕ್ಕೆ ದರ,
ಅಂಚಿನಲ್ಲಿ ಜಾಗ ಸಿಕ್ಕಾಗ ಬದುಕು:
‘ಹಲ್ಲು ಕೀಳಿಸಿದೆ.’ ‘ವೆನಾನ್ಸಿಯೊ ಬರಲಿಲ್ಲ.’
‘ವೆನಾನ್ಸಿಯೊ ಬರಲಿಲ್ಲ.’
ಆಮೇಲೆ ಆ ಹೆಸರೇ ಇಲ್ಲ.
ದರ ಒಂದು ದಿನವೂ ತಪ್ಪಿಲ್ಲ.

ಆಚೆ ದಡದವರು ತಮ್ಮ ಹಣದ ಸೊನ್ನೆ ಕಿತ್ತರು,
ಒಂದು ಸಲ ಎರಡು, ಇನ್ನೊಂದು ಸಲ ನಾಲ್ಕು,
ಆಮೇಲೆ ಮೂರು, ಮತ್ತೆ ನಾಲ್ಕು.
‘ಕಿತ್ತ ಸೊನ್ನೆ ಎಲ್ಲಿಗೆ ಹೋಯಿತತ್ತೆ?’
ಏಳು ವರ್ಷದವಳು ಕೇಳಿದ್ದೆ.
ಹೊಳೆ ತೋರಿಸಿದಳು:
ದೋಣಿಯ ಹಿಂದೆ ಸುಳಿ, ಸುಳಿಯ ಹಿಂದೆ ಸುಳಿ.
ನಂಬಿದೆ.
ನಮ್ಮ ಗ್ವಾರಾನಿಯೋ ಸೊನ್ನೆ ಬಿಡದ ಜಾತಿ;
ಲಕ್ಷಾಧೀಶರಾಗಿಯೇ ಹಸಿದುಕೊಂಡಿದ್ದೆವು.

ಸೇತುವೆಯ ಮೇಲೆ ಚೀಲ ಯಾವ ಕಡೆಗೆ ಭಾರ
ಅಂತ ನೋಡಿದರೆ ಸಾಕು, ದರ ಗೊತ್ತಾಗುತ್ತಿತ್ತು.
ಒಂದು ವರ್ಷ ಪೊಸಾದಾಸಿನವರು ಬಂದು
ಟಿ.ವಿ., ಚಪ್ಪಲಿ, ಕಂಬಳಿ ಹೊತ್ತರು.
ಇನ್ನೊಂದು ವರ್ಷ ನಾವೇ ಹೋಗಿ ಎಣ್ಣೆ, ಹಿಟ್ಟು, ಈರುಳ್ಳಿ.
ಸುಂಕದವನ ಮುಂದೆ ಸುಖದುಃಖ ಹೇಳಬಾರದಂತೆ.
ಹೆಂಗಸರು ಹೇಳುತ್ತಿದ್ದರು. ಅವನೂ ಹೇಳುತ್ತಿದ್ದ.

೨೦೦೧, ನವೆಂಬರ್ ಹದಿನಾರು.
ಒಂದು ಪೆಸೊಗೆ ನಾಲ್ಕು ಸಾವಿರದ ಆರುನೂರು.
ಅಂಚಿನಲ್ಲಿ: ‘ನೆಲಿದಾ ಹತ್ತಿರ ಮುನ್ನೂರು ಪೆಸೊ ಕೈಗಡ.
ಅಮ್ಮನ ಆಪರೇಷನ್ನು.’
ನೆಲಿದಾ ಆಚೆ ದಡದಲ್ಲಿ ಗುಂಡಿ, ದಾರ ಮಾರುವವಳು.
ಎಂಟು ವಾರದೊಳಗೆ ಪೆಸೊ ಮಂಡಿಯೂರಿತು.
ಆಮೇಲೆ ಅಣೆಕಟ್ಟಿನ ನೀರು ಏರಿ
ನಮ್ಮ ಕೆಳಪೇಟೆ ಮುಳುಗಿತು;
ಅವಳ ಅಂಗಡಿ ಮುಚ್ಚಿತು, ವಿಳಾಸ ಹೋಯಿತು.
ಕೈಗಡ ಹೋಗಲಿಲ್ಲ.

ವಿಳಾಸ ಸಿಕ್ಕಿದ್ದು ಇಪ್ಪತ್ತೆರಡು ವರ್ಷಕ್ಕೆ.
ಅತ್ತೆ ಚೀಲ ಹೆಗಲಿಗೇರಿಸಿ
ನನ್ನನ್ನೂ ಎಳೆದುಕೊಂಡು ಸೇತುವೆ ದಾಟಿದಳು.
ಆ ದಿನದ ದರ, ಒಂದಕ್ಕೆ ಏಳು.
ಏಳು ಸಾವಿರವಲ್ಲ, ಏಳು.

ಮೇಜಿನ ಮೇಲೆ ಅತ್ತೆ ಎಣಿಸಿಟ್ಟದ್ದು
ಹದಿಮೂರು ಲಕ್ಷದ ಎಂಬತ್ತು ಸಾವಿರ ಗ್ವಾರಾನಿ.
ನೆಲಿದಾ ಸಿಟ್ಟಾದಳು:
‘ಕೊಟ್ಟದ್ದು ಮುನ್ನೂರು ಪೆಸೊ. ಮುನ್ನೂರು ಕೊಡು.’
‘ಮುನ್ನೂರಕ್ಕೆ ಇವತ್ತು ಅರ್ಧ ಚಿಪಾ ರೊಟ್ಟಿ.’
‘ಹಾಗಾದರೆ ಅರ್ಧ ಚಿಪಾ ಕೊಡು.’
ಚೌಕಾಸಿಯ ನಡುವೆಯೇ ಬೆಳೆದವಳು ನಾನು,
ಹೀಗೆ ತಿರುಗಾಮುರುಗಾ ನಡೆದದ್ದು ಕಂಡಿರಲಿಲ್ಲ:
ಕೊಡುವವಳು ಏರಿಸುತ್ತಾಳೆ, ಇಸಿದುಕೊಳ್ಳುವವಳು ಇಳಿಸುತ್ತಾಳೆ.
‘ಬಡ್ಡಿ?’ ಅಂದಳು ಅತ್ತೆ, ಹೊಸ ಆಯುಧ ಸಿಕ್ಕವಳ ಹಾಗೆ.
‘ನಾನೇನು ಬ್ಯಾಂಕೇ?’

ಅಲ್ಲಿಗೆ ಬ್ಯಾಂಕಿನ ಕಥೆ ಶುರುವಾಯಿತು.
ಬಾಗಿಲು ಬಡಿದದ್ದು, ಪಾತ್ರೆ ಬಡಿದದ್ದು,
ಗಾಜಿನಾಚೆ ಕೈಯಾಡಿಸಿದ ಗುಮಾಸ್ತ.
ಮೂರು ಸಲ ನೀರು ಕಾಯಿಸಿದರು.
‘ಆ ಮುನ್ನೂರನ್ನೂ ಅಲ್ಲೇ ಇಟ್ಟಿದ್ದರೆ
ಅದಕ್ಕೂ ಅದೇ ಗತಿ, ಫಿದೆಲಿನಾ.
ನನ್ನ ದುಡ್ಡಿನಲ್ಲಿ ಉಳಿದದ್ದು
ನಿನಗೆ ಕೊಟ್ಟದ್ದೊಂದೇ.’

ಅತ್ತೆ ಬೆರಳಿನ ರಬ್ಬರು ಕಳಚಿದಳು.
ನನ್ನನ್ನು ಸಕ್ಕರೆ ತರಲು ಕಳಿಸಿದರು.
ಮೂವತ್ತೆಂಟು ವರ್ಷದವಳನ್ನು!

ಹೇಗೆ ಬಗೆಹರಿಯಿತೋ ತಿಳಿಯದು.
ನೋಟ್‌ಬುಕ್ಕಿನಲ್ಲಿ ಆ ದಿನ ಎಂದಿನಂತೆ ಏಳು;
ಅಂಚಿನಲ್ಲಿ ನೆಲಿದಾಳ ಓರೆ ಅಕ್ಷರ: ‘ಸಂದಿತು.’
ಎಷ್ಟು ಅಂತಿಲ್ಲ, ಯಾವ ದಿನದ ದರ ಅಂತಿಲ್ಲ.

ವಾಪಸ್ಸು ಬರುವಾಗ
ಚೀಲ ಭಾರವಿತ್ತೋ ಹಗುರವಿತ್ತೋ,
ಅತ್ತೆ ನನಗೆ ಹೊರಲು ಕೊಡಲಿಲ್ಲ.