ಬಿಚ್ಚಬ್ಯಾಡ್ರಿ

ಬ್ಯಾಡಗಿ ಪ್ಯಾಟ್ಯಾಗ ಮೂರಂತಸ್ತಿನ ಅಡತಿ ಅಂಗಡಿ.
ಪಾವಟಿಗಿ ಬಾಜೂಕಿನ ಸಣ್ಣ ಬಾಗಲಾ ತಗದ್ರ
ಗ್ವಾಡಿಯೊಳಗ ನಿಂತ ಒಂದು ಬಾವಿ.
ನೀರಿಲ್ಲ, ಬರೇ ವಾಯರು.

ಫೈಬರ್ ಎಳೀರಿ ಅಂದಿದ್ರು ಸಾವಕಾರ್ರು.
ಟೆಂಡರ್ ಈಗ ಕಂಪ್ಯೂಟರಿನ್ಯಾಗ,
ಒಂದು ಗಳಿಗಿ ನೆಟ್ ನಿಂತ್ರ
ಡಬ್ಬಿ ಕಾಯಿ ಕಡ್ಡಿ ಕಾಯಿ ದರಕ್ಕ ಹೋಗ್ತದಂತ.

ಬಾಗಲಾ ತಗದ ಕೂಡ್ಲೆ ಸೀನು.
ನಲವತ್ತು ಸುಗ್ಗಿಯ ಮೆಣಸಿನಕಾಯಿ ಧೂಳು
ಕೆಂಪಗ ಕುಂತದ ಒಂದೊಂದು ತಂತಿ ಮ್ಯಾಲ.
ನಾನು ಆರು ಸಲ, ರೇಷ್ಮಾ ಒಂಬತ್ತು.
ಐಟಿಐ ಮುಗಿಸಿ ಬಂದ ನದಾಫರ ಹುಡುಗಿ,
ಮೂಗಿಗೆ ವೇಲ್ ಕಟ್ಟಿ, ಟೆಸ್ಟರ್ ಕಿವಿಗೆ ಸಿಗಿಸಿ
ಕೇಳತಾಳ: ಅಣ್ಣಾರ, ಇದರಾಗ ಜೀವಂತ ಯಾವ್ದು?

ಬರೋಬ್ಬರಿ ಕೇಳಿದ್ಲು.
ಹೊಸಾವು ಬಂದಾವ, ಹಳೇವನ್ನ ಯಾರೂ ಕಳಿಸಿಕೊಟ್ಟಿಲ್ಲ.
ಬಟ್ಟಿ ಸುತ್ತಿದ ರಬ್ಬರ್ ವಾಯರು,
ಎಸ್‌ಟಿಡಿ ಬೂತಿನ ಬೂದಿ ಬಣ್ಣದ ಕೇಬಲ್ಲು,
ರವಿವಾರ ಸಿನಿಮಾ ತೋರಿಸಿದ ಕರೇ ಡಿಶ್ ವಾಯರು,
ಅದರ ಕುತ್ತಿಗಿಗೇ ಜೋತುಬಿದ್ದ ಮೇನ್ ಲೈನು.

ಪುಸ್ತಕ ಏನಂತದ, ನಾ ನನ್ನ ಬಾಯಿಲೆ ಹೇಳ್ತೀನಿ:
ಕರೆಂಟಿಗೂ ಮಾತಿಗೂ ನಡುವ
ಒಂದು ಗೇಣರ ಅಂತರ ಇರಬೇಕು.
ಒಂದ ಪೈಪಿನ್ಯಾಗ ಮಲಗಿಸಿದ್ರ
ಇವನ ಗೊರಕಿ ಅವನ ಕನಸಿನ್ಯಾಗ.
ದಾಟೂದಿದ್ರ ಅಡ್ಡ ದಾಟ್ರಿ, ಕಾಟಕೋನ ಹಿಡದು;
ಸಂಗಾಟ ನಡೀಬ್ಯಾಡ್ರಿ.
ಹೊರಗಿಂದ ಬಂದ ತಂತಿ ಹೊಸ್ತಿಲಾ ದಾಟೂ ಮೊದಲ
ಅದರದೊಂದು ಕಾಲು ಮಣ್ಣಿನ್ಯಾಗ ಊರಸ್ರಿ,
ಸಿಡಿಲಿಗೆ ಮನೀ ದಾರಿ ತೋರಸಬ್ಯಾಡ್ರಿ.
ಗಾಜಿನ ಎಳಿ ಅದು, ಮಡಚಬ್ಯಾಡ್ರಿ,
ಹಸಿ ಕೂಸಿನ ಕುತ್ತಿಗಿ ಹಿಡದ್ಹಂಗ ತಿರುಗಸ್ರಿ.
ಸ್ಲ್ಯಾಬಿನ ತೂತು ಮುಚ್ಚರಿ.
ಬೆಂಕಿ ಪಾವಟಿಗಿ ಹತ್ತೂದಿಲ್ಲ,
ಇಂಥಾ ತೂತು ಹುಡಕೊಂಡ ಮ್ಯಾಲ ಬರ್ತದ.
ಮತ್ತ, ಸತ್ತದ್ದನ್ನ ಹೊರಗ ತಗೀರಿ.
ಸತ್ತ ವಾಯರೂ ಉರದ್ರ ಹೊಗಿ ಕೊಡ್ತದ.

ಎಳದ್ವಿ. ಮಧ್ಯಾಹ್ನದ ತನಕ ಎಳದ್ವಿ.
ಗುಂಟೂರಿನ ದರ ಒದರಿದ ತಂತಿ.
ಯಾರ ಮನ್ಯಾಗ ಏನು ಹುಟ್ಟಿತು, ಯಾರು ಹೋದ್ರು,
ಅದೂ ಇದರಾಗ ಬಂದಿರಬೇಕು.
ತಾಮ್ರಕ್ಕ ನೆಪ್ಪಿಲ್ಲ.
ಹನ್ನೊಂದು ಕಿಲೋ ಆತು.

ಎರಡನೇ ಅಂತಸ್ತಿನ್ಯಾಗ ರೇಷ್ಮಾನ ಕೈ ನಿಂತು.
ಒಂದು ಹಳದಿ ಜೋಡಿ, ಅದಕ್ಕ ತಗಡಿನ ಚೀಟಿ,
ಮೊಳಿಲೆ ಕೆತ್ತಿದ ಅಕ್ಷರ:
ಬಿಚ್ಚಬ್ಯಾಡ್ರಿ. ಮುಂದ ಬೇಕಾದೀತು.

ಒತ್ತಕ್ಷರಕ್ಕ ಹಿಂಗ ಬಾಲ ಎಳೀತಿದ್ದಾಂವ
ಈ ಊರಾಗ ಒಬ್ಬನ, ವಿರುಪಣ್ಣ ಕಮ್ಮಾರ.
ನನಗ ಕಟರ್ ಹಿಡಿಯೋದು ಕಲಿಸಿದಾಂವ.
ಅವಗ ಲೈಸನ್ಸ್ ಇರಲಿಲ್ಲ, ಪುಸ್ತಕ ಮುಟ್ಟಿದಾಂವಲ್ಲ,
ಎಡಗೈ ಕಿಸೆದಾಗ ಇಟ್ಟ ಲೈನ್ ಮುಟ್ಟತಿದ್ದ.

ಯಾರಿಗೆ ಬೇಕಾದೀತು? ರೇಷ್ಮಾ ಕೇಳಿದ್ಲು.
ಮೀಟರ್ ಹಚ್ಚಿದ್ವಿ. ಕುಂಯ್ ಅಂತು.
ಟೋನರ್ ಹಿಡಕೊಂಡು ಗ್ವಾಡಿಗುಂಟ ಹೋದ್ವಿ.
ಮುನೀಮರ ಕೋಲಿ ಅಲ್ಲ, ಸಾವಕಾರ್ರ ಗಾದಿ ಅಲ್ಲ,
ಹಿತ್ತಲ ಬಾಗಲಾ ದಾಟಿ
ಕಾಯಿ ತುಂಬು ಬಿಡಸೋ ಶೆಡ್ಡು.
ಕಂಬಕ್ಕ, ಕುಂತವರ ಕೈಗೆ ನಿಲುಕೂವಷ್ಟು ಎತ್ತರಕ್ಕ
ಒಂದು ಖಾಲಿ ಡಬ್ಬಿ, ಎರಡು ಸ್ಕ್ರೂ.

ಚೀಲದ ಮ್ಯಾಲ ಕುಂತ ದ್ಯಾಮವ್ವ
ತಲಿ ಎತ್ತದನ ಅಂದ್ಲು:
ಅಲ್ಲಿ ಫೋನಿತ್ತು. ಬರ್ತಿತ್ತಷ್ಟ, ಹೋಗ್ತಿದ್ದಿಲ್ಲ.
ನನ್ನ ಮಗಳು ಹಾವೇರಿ ದವಾಖಾನ್ಯಾಗಿದ್ದ ವರ್ಷ
ಆ ಮನಶ್ಯಾ ರಾತ್ರೋರಾತ್ರಿ ಹಾಕಿದ್ದ.
ಗೊತ್ತಾದ ಮ್ಯಾಲ ಬಿಚ್ಚಿಸಿದ್ರು.

ಮಗಳು? ಅಂತ ಕೇಳಬೇಕಾಗಿತ್ತು.
ಆಕಿ ಮುಂದಿನ ಕಾಯಿ ತಗೊಂಡ್ಲು.
ನಾ ಕೇಳಲಿಲ್ಲ.

ಚೀಟಿ ಕಟ್ಟಿದ್ದನ್ನ ಬಿಡಬಹುದು ಅಂತದ ಪುಸ್ತಕ,
ಮುಂದ ಬೇಕಂತ ಬರದಿದ್ರ.
ಓದದ ವಿರುಪಣ್ಣಗ ಆ ಸಾಲು ಹೆಂಗ ಗೊತ್ತಿತ್ತೋ.

ಸಂಜಿಗೆ ಫೈಬರ್ ಇಳಿಸಿ, ಅರ್ಥಿಂಗ್ ಅಳದು,
ಬೆಂಕಿ ತಡಿಯೋ ಕೆಂಪು ಲಪ್ಪ ಮೆತ್ತಿ ತೂತು ಮುಚ್ಚಿದ್ವಿ,
ಹಳದಿ ಜೋಡಿ ಸುತ್ತನೂ ಮೆತ್ತಿದ್ವಿ.
ಕಾಗದಕ್ಕ ನಾ ಸಹಿ ಹಾಕೂದ್ರೊಳಗ ರೇಷ್ಮಾ
ತಗಡನ್ನ ಬೋರಲಾ ಮಾಡಿ, ಮೊಳಿ ತಗೊಂಡು,
ಇವತ್ತಿನ ತಾರೀಖು ಕೆತ್ತಿದ್ಲು. ಕೆಳಗ ಇನ್ನೊಂದು ಸಾಲು:
ಆ ಕಡೀ ತುದಿ, ತುಂಬಿನ ಶೆಡ್ಡು.

ಆಮ್ಯಾಲ ಸೀನಿದ್ಲು.
ಹತ್ತನೇದು.