ಬಲಗಾಲು

ಎಲ್ಲಿ ಅದ ಅಂಜಿಕಿ, ಅಂತ ಕೇಳಿದರು ಮೆಹಜಬೀನ್ ಮೇಡಂ.
ಯಾದಗಿರಿ ದೊಡ್ಡಾಸ್ಪತ್ರಿ, ಹನ್ನೆರಡನೇ ಖೋಲಿ,
ಮಂಗಳವಾರ.
ತಲ್ಯಾಗ ಇರಬೇಕ್ರಿ, ಅಂದೆ.
ಎಲ್ಲಾರೂ ತಲಿಗೇ ಅಲ್ಲೇನ್ರಿ ಗುಳಿಗಿ ಕೊಡೋದು.

ಅವರು ನನ್ನ ಮಾರಿ ನೋಡಲಿಲ್ಲ,
ಟೇಬಲ್ ಕೆಳಗ ನೋಡಿದರು.
ಕಾಲು ಏನೋ ಮಾಡ್ಲಕತ್ತದ ನೋಡ್ರಿ, ಅಯ್ಯಾಳಪ್ಪ.

ಚಪ್ಪಲಿ ಬಾಗಲ ಹೊರಗ ಬಿಟ್ಟು ಬಂದ ಬಲಗಾಲು
ಹಿಮ್ಮಡ ಊರಿ, ಮುಂಗಾಲು ಒತ್ತಿ,
ಸಡಲಿಸಿ, ಮತ್ತ ಒತ್ತಿ,
ನನ್ನ ಕೇಳದೇ
ಡ್ಯೂಟಿ ಮಾಡ್ತಿತ್ತು.

ಹತ್ತೊಂಬತ್ತು ವರ್ಷ ಸ್ಟೇರಿಂಗ್ ಹಿಡದಾಂವ ನಾನು.
ಶಹಾಪುರ ದಾಟಿ ಇಳಕಲಿನಾಗ ಆವತ್ತು
ಬ್ರೇಕ್ ಒತ್ತಿದರ ಪೆಡಲ್ ಹೋತು, ಹೋತು,
ಮೊಸರಿನಾಗ ಬೆರಳು ಇಳಿದಂಗ ಹೋತು.
ಹತ್ತಿ ಹೊಲ ಹೊಕ್ಕು ಬಸ್ಸು ತಾನೇ ನಿಂತಿತು.
ಸೀಟಿನ ಕೆಳಗಿನ ಕೋಳಿ ಸುದ್ದಾ ಸಾಯಲಿಲ್ಲ.
ಏನೂ ಆಗ್ಲಿಲ್ಲಲ್ಲ, ಅಂದರು ಡಿಪೋದಾಗ.
ಏನೂ ಆಗ್ಲಿಲ್ಲಲ್ಲ, ಅಂದಳು ದೇವಕೆಮ್ಮ,
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕುತ್ತ.
ಆಗದೇ ಇದ್ದದ್ದಕ್ಕ ಹೆಸರಿಲ್ಲ.
ರಜಾ ಅರ್ಜಿಯೊಳಗ ಜ್ವರ ಅಂತ ಬರದೆ.
ನಡುರಾತ್ರಿ ಆಕಿ ಮೀನಖಂಡಕ್ಕ ಒದ್ದೆ,
ಎದ್ದು ಕುಂತು ಕೇಳಿದಳು:
ಯಾರ ಜೋಡಿ ಜಗಳ?

ಜಲ್ದಿ ಬ್ಯಾಡ, ಅಂದರು ಮೇಡಂ.
ಅದು ಏನು ಮಾಡಬೇಕಂತದ, ಮಾಡಲಿ.
ನೀವು ಬರೇ ಅದರ ಬಾಜು ಕುಂದರ್ರಿ.

ನನ್ನ ಕಾಲಿನ ಬಾಜು ನಾನು ಕುಂತೆ.

ಒತ್ತಿತು. ಬೆರಳು ಬೆಳ್ಳಗಾದವು.
ಮೊಣಕಾಲು ನಡುಗಿತು, ತೊಡಿ, ಸೊಂಟ,
ಹಳೇ ಗಾಡಿ ಫಸ್ಟ್ ಗೇರಿನಾಗ ಏರು ಹತ್ತಿದಂಗ
ಮೈಯೆಲ್ಲ.
ಕೆಳಗ ಶಹಾಬಾದ್ ಕಲ್ಲು.
ಕಲ್ಲು ಇಳೀಲಿಲ್ಲ.
ಒತ್ತಿದಷ್ಟೂ ತಿರುಗಿ ಒತ್ತಿತು,
ತಣ್ಣಗ.

ಎಷ್ಟು ಹೊತ್ತೋ. ಹೊರಗ ಚೀಟಿ ಸಾಲಿನಾಗ
ಯಾರದೋ ಕೂಸು ಅತ್ತು ಸುಮ್ಮನಾತು.
ಆಕಳಿಕಿ ಬಂತು, ದೊಡ್ಡದು, ನಾಚಿಕಿ ಬಿಟ್ಟು.
ಕಣ್ಣಾಗಿನ ನೀರು ಆಕಳಿಕೀದು, ಅಂದೆ.
ಹೂಂ, ಅಂದರು ಮೇಡಂ. ನಂಬಲಿಲ್ಲ.

ಈಗ ಎಲ್ಲಿ ಅದ?

ಹುಡುಕಿದೆ. ಹೊಟ್ಟ್ಯಾಗ ಒಂದೀಟು.
ಕಾಲು ಮಾತ್ರ ಕಾಲಿನಂಗ ಇತ್ತು, ಭಾರ, ಬೆಚ್ಚಗ,
ಲಾಸ್ಟ್ ಟ್ರಿಪ್ ಮುಗಿಸಿ ಕಟ್ಟಿ ಮ್ಯಾಲ ಒರಗಿದ
ಮತ್ತೊಬ್ಬ ಡ್ರೈವರನಂಗ.

ಮುಂದಿನ ಮಂಗಳವಾರ ಅಂತ ಬರಕೊಟ್ಟರು.
ಊರ ಬಸ್ಸು. ಮೂರನೇ ಸಾಲು, ಕಿಟಕಿ ಬಾಜು,
ಟಿಕೀಟು ತಗೊಂಡೇ ಕುಂತೆ.
ಸ್ಟೇರಿಂಗಿನ ಮುಂದ ಮೀಸಿ ಚಿಗುರಿದ ಹೊಸ ಹುಡುಗ.
ತಿರುವಿನಾಗ ನನ್ನ ಬಲಗಾಲು ಒತ್ತಿತು ಒಮ್ಮಿ.
ಒತ್ತಲಿ ಬಿಡು, ಅಂದೆ.
ಅದೇ ಹೊತ್ತಿಗೆ ಹುಡುಗನೂ ಒತ್ತಿರಬೇಕು,
ಬಸ್ಸು ನಿಧಾನ ಆತು.